ಹಂಡೆ ಬಚ್ಚಿಡು ಎಂದ ಕಂಪ್ಯೂಟರು

ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ವಾಚ್ ರಿಪೇರಿ ಮಾಡಿಕೊಂಡಿರುವವನು ನಾನು. ಸಾಸಿವೆಕಾಳಿನಷ್ಟು ಸ್ಕ್ರೂವನ್ನು ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಅದರ ಜಾಗದಲ್ಲಿ ಕೂರಿಸಬಲ್ಲ ಕೈ ಇದು. ಹೀಗಿರುವಾಗ ಇಸ್ಪೀಟೆಲೆಯಷ್ಟು ಅಗಲದ ಒಂದು ಕಂಪ್ಯೂಟರು ನನ್ನನ್ನು ಏನು ಮಾಡೀತು ಎಂದುಕೊಂಡಿದ್ದೆ. ಏನು ಮಾಡಿತು ಅಂತ ಹೇಳುತ್ತೇನೆ ಕೇಳಿ.

ಅದನ್ನು ನನಗೆ ಕೊಟ್ಟವನು ಬಂಗಾರಪೇಟೆಯ ಒಬ್ಬ ಗಿರಾಕಿ. ಮೊಬೈಲ್ ಅಂಗಡಿ ಮುಚ್ಚಿದವನು. ಅವನ ಅಪ್ಪನ ಕಾಲದ ಕೀ ಕೊಡುವ ವಾಚನ್ನು ನಾನು ಓಡುವ ಹಾಗೆ ಮಾಡಿಕೊಟ್ಟಾಗ, ಖುಷಿಯಾಗಿ ಚೀಲದಿಂದ ಒಂದು ಹಸಿರು ಹಲಗೆಯ ಚೂರು ತೆಗೆದು ನನ್ನ ಮುಂದಿಟ್ಟ.

"ಅಣ್ಣ, ಇದು ಕಂಪ್ಯೂಟರು. ನನ್ತಾವ ಸುಮ್ನೆ ಬಿದ್ದೈತೆ, ನೀವು ಮಡೀಕಳಿ."

"ಕಂಪ್ಯೂಟರಾ? ಪರದೆ ಎಲ್ಲಪ್ಪಾ? ಬಟನ್ ಎಲ್ಲಿ?"

"ಅವೆಲ್ಲ ನಾವು ತಗಲಾಕ್ಕೋಬೇಕು. ಇದು ಬರೀ ತಲೆ."

ಬರೀ ತಲೆ! ನಮ್ಮ ಮನೆಗೆ ಬೇಕಾಗಿದ್ದೇ ಅದು. ಚಾಂಪಿಯನ್ ರೀಫ್ಸ್ ಕಡೆಯ ನಮ್ಮ ಮನೆಯಲ್ಲಿ ಇರುವವರು ನಾನು ಮತ್ತು ನನ್ನ ಹೆಂಡತಿ ರತ್ನಮ್ಮ, ಇಬ್ಬರೇ. ಮರೆವು ಮಾತ್ರ ನಾಲ್ಕು ಜನಕ್ಕಾಗುವಷ್ಟು. ಅವಳು ಬಿ.ಪಿ. ಮಾತ್ರೆ ಮರೆಯುತ್ತಾಳೆ. ನಾನು ಒಲೆಯ ಮೇಲಿಟ್ಟ ಹಾಲು ಮರೆಯುತ್ತೇನೆ. ಒಮ್ಮೆ ಊಟದ ಡಬ್ಬಿಯನ್ನು ಬಸ್ಸಿನಲ್ಲಿ ಮರೆತು, ಅದನ್ನು ಹುಡುಕಲು ಹೋಗಿ, ಛತ್ರಿಯನ್ನು ಡಿಪೋದಲ್ಲಿ ಮರೆತು ಬಂದಿದ್ದೆ.

ಆದ್ದರಿಂದ ಈ ಕಂಪ್ಯೂಟರಿಗೆ ಒಂದು ಸ್ಪೀಕರ್ ಕಟ್ಟಿ, ಹೊತ್ತು ಹೊತ್ತಿಗೆ ಏನೇನು ಮಾಡಬೇಕೆಂದು ಅದೇ ಕೂಗಿ ಹೇಳುವ ಹಾಗೆ ಮಾಡಬೇಕೆಂದು ತೀರ್ಮಾನಿಸಿದೆ. ರತ್ನಮ್ಮನಿಗೆ ಈ ಮಹತ್ತರ ಯೋಜನೆಯನ್ನು ವಿವರಿಸಿದೆ. ಅವಳು ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡಳು.

"ಫೋನಾಗೆ ಅಲಾರಂ ಐತಲ್ಲ? ಅದುನ್ನ ಬುಟ್ಟು ಇದ್ಯಾಕೆ?"

"ಫೋನು ಜೇಬಿನಲ್ಲಿರುತ್ತೆ. ಜೇಬು ಅಂಗೀಲಿರುತ್ತೆ. ಅಂಗಿ ಗೂಟದಲ್ಲಿರುತ್ತೆ. ಅಲಾರಂ ಹೊಡೆದ್ರೆ ಗೂಟ ಏಳುತ್ತೆ ಅಷ್ಟೆ!"

ಅವಳು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ನನ್ನ ವಾದಕ್ಕೆ ಸೋತು ಹೋದಳೋ, ವಾದಿಸಿ ಪ್ರಯೋಜನವಿಲ್ಲವೆಂದು ಹೋದಳೋ. ಮೂವತ್ತು ವರ್ಷ ಸಂಸಾರ ಮಾಡಿದ ಮೇಲೆ ಇವೆರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮೂರು ವಾರ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಒಬ್ಬ ತೆಲುಗಿನಲ್ಲಿ ಹೇಳಿಕೊಟ್ಟ, ಇನ್ನೊಬ್ಬ ತಮಿಳಿನಲ್ಲಿ ಅದನ್ನು ತಪ್ಪು ಎಂದ. ಕೊನೆಗೆ ಎರಡನ್ನೂ ಸೇರಿಸಿ ನಾನೊಂದು ದಾರಿ ಮಾಡಿಕೊಂಡೆ. ಮನೆಯ ಟಿ.ವಿ.ಯನ್ನೇ ಪರದೆ ಮಾಡಿಕೊಂಡು, ಹಳೆಯ ಟೇಪ್ ರೆಕಾರ್ಡರಿನ ಸ್ಪೀಕರ್ ಕಿತ್ತು ಜೋಡಿಸಿದೆ. ನನ್ನ ಮೊಬೈಲಿನ ಇಂಟರ್ನೆಟ್ಟಿಗೆ ಒಮ್ಮೆ ಸೇರಿಸಿದ್ದೇ ತಡ, ಕಂಪ್ಯೂಟರಿನ ಟೈಮು ತಾನಾಗಿಯೇ ಸರಿಹೋಯಿತು. ಕೈಗಡಿಯಾರದ ಪಕ್ಕ ಇಟ್ಟು ನೋಡಿದೆ. ಒಂದು ಸೆಕೆಂಡೂ ಆಚೀಚೆ ಇಲ್ಲ! ನನ್ನ ಕಸುಬಿನವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ. ಅಂದಿನಿಂದ ಅದನ್ನು ಪೂರ್ತಿಯಾಗಿ ನಂಬಿಬಿಟ್ಟೆ.

ಮೊದಲು ನನ್ನ ಧ್ವನಿಯಲ್ಲೇ ರೆಕಾರ್ಡ್ ಮಾಡಿದ್ದೆ. "ರತ್ನಾ, ಮಾತ್ರೆ ತೆಗೆದುಕೋ" ಎಂದು ಕಂಪ್ಯೂಟರು ಗಂಭೀರವಾಗಿ ನುಡಿಯಿತು. ರತ್ನಮ್ಮ ತಲೆಯನ್ನೇ ಎತ್ತಲಿಲ್ಲ. ಈ ಮನೆಯಲ್ಲಿ ನನ್ನ ಧ್ವನಿಗೆ ಯಾರೂ ಯಾವತ್ತೂ ಎದ್ದು ಓಡಿದ್ದಿಲ್ಲ ಎಂಬ ಸತ್ಯ ಆಗ ಹೊಳೆಯಿತು. ಅವಳ ಧ್ವನಿಯಲ್ಲೇ ರೆಕಾರ್ಡ್ ಮಾಡಿಸಿದೆ. "ಮಾತ್ರೆ ನುಂಗಾಯ್ತಾ? ಆಲು ಉಕ್ತದೆ, ಯಾರ್ ನೋಡ್ತಾ ಇದೀರಾ?" ಎಂದು ಅಟ್ಟದ ಮೇಲಿನಿಂದ ಸ್ಪೀಕರ್ ಗುಡುಗಿತು. ನಾನು ಓಡಿಹೋಗಿ ಹಾಲಿಳಿಸಿದೆ. ರತ್ನಮ್ಮನೂ ತನ್ನ ಧ್ವನಿಗೆ ತಾನೇ ಹೆದರಿ ಮಾತ್ರೆ ನುಂಗಿದಳು!

ಮೊದಲ ವಾರ ಮಿಕ್ಸಿ ಹಾಕಲು ರತ್ನಮ್ಮ ಅದರ ಪ್ಲಗ್ಗು ಕಿತ್ತುಬಿಟ್ಟಳು. ಹಾಲು ಉಕ್ಕಿತು. ಎರಡನೆಯ ಸಲ ಹೀಗಾಗಬಾರದೆಂದು ನಾನು ಪ್ಲಗ್ಗನ್ನೇ ತೆಗೆದುಹಾಕಿ, ವೈರನ್ನು ನೇರವಾಗಿ ಗೋಡೆಯೊಳಗಿನ ಲೈನಿಗೆ ಸೇರಿಸಿ, ಮೇಲೆ ಟೇಪು ಸುತ್ತಿ, ಸಿಮೆಂಟು ಮೆತ್ತಿದೆ. ಇನ್ನು ಮನೆಯ ಮೇನ್ ಸ್ವಿಚ್ ಆರಿಸದೆ ಆ ಕಂಪ್ಯೂಟರನ್ನು ಆರಿಸಲು ಯಾರಿಂದಲೂ ಸಾಧ್ಯವಿರಲಿಲ್ಲ. ನನ್ನಿಂದಲೂ.

ಒಂದು ದಿನ ಪಕ್ಕದ ಮನೆಯ ಸೆಲ್ವಿ ನಲ್ಲಿಯ ಹತ್ತಿರದಿಂದ ಓಡೋಡಿ ನಮ್ಮ ಬಾಗಿಲಿಗೆ ಬಂದಳು. ಆಕೆಯ ಗಂಡ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದವರು. ಇಂಥದಕ್ಕೆಲ್ಲ ಸುಲಭವಾಗಿ ಹೆದರುವ ಹೆಂಗಸಲ್ಲ.

"ಅಣ್ಣಾ, ಎನ್ನ ಅಣ್ಣಾ ಇದು? ಏನಿದು? ರತ್ನಕ್ಕ ನನ್ ಪಕ್ಕದಲ್ಲೇ ನಿಂತ್ಕೊಂಡು ಬಿಂದಿಗೆ ತುಂಬ್ತಾ ಇದಾರೆ. ವಾಯ್ಸು ಮಾತ್ರ ಮನೆ ಒಳಗಿಂದ ಬರ್ತದೆ! ಬೈತಾ ಇದಾರೆ ಬೇರೆ!"

ನಾನು ಹೆಮ್ಮೆಯಿಂದ ವಿಜ್ಞಾನವನ್ನು ವಿವರಿಸಿದೆ. ಸೆಲ್ವಿ ಎಲ್ಲವನ್ನೂ ಕೇಳಿ, "ಒಬ್ರು ಸಾಲದಾ ಅಣ್ಣಾ ನಿಮಗೆ?" ಎಂದು ಮರುಕದಿಂದ ನೋಡಿ ಹೋದಳು.

ಇನ್ನೊಂದು ದಿನ ರತ್ನಮ್ಮ, "ರೀ, ಈ ಮಿಸನ್ನು ಅತ್ತು ನಿಮಿಷ ತಡವಾಗಿ ಕೂಗ್ತದೆ" ಎಂದಳು. ಬೆಳಿಗ್ಗೆ ಹತ್ತು ನಿಮಿಷ ಕರೆಂಟು ಹೋಗಿ ಬಂದಿತ್ತು. ಎರಡಕ್ಕೂ ಸಂಬಂಧವಿರಬಹುದೆಂದು ಯಾವ ದಡ್ಡನಿಗಾದರೂ ಹೊಳೆಯುತ್ತಿತ್ತು. ನಾನು ದಡ್ಡನಲ್ಲ, ವಾಚ್ ರಿಪೇರಿಯವನು. ಕಂಪ್ಯೂಟರು ತಪ್ಪಲು ಸಾಧ್ಯವೇ ಇಲ್ಲವೆಂದು ನಿರ್ಧರಿಸಿ, ಅಡುಗೆಮನೆಯ ಗಡಿಯಾರವನ್ನು ಹತ್ತು ನಿಮಿಷ ಹಿಂದಕ್ಕೆ ತಿರುಗಿಸಿಟ್ಟೆ.

ಇಷ್ಟರಲ್ಲಿ ಬಂಗಾರಪೇಟೆಯಿಂದ ಫೋನು ಬಂತು. ರತ್ನಮ್ಮನ ಅಕ್ಕ ಯಶೋದಮ್ಮ!

ಇಲ್ಲಿ ಒಂದು ವಿಷಯ ಹೇಳಬೇಕು. ಅಕ್ಕತಂಗಿಯರು ಮಾತು ಬಿಟ್ಟು ಆರು ವರ್ಷವಾಗಿತ್ತು. ಕಾರಣ ಒಂದು ಹಂಡೆ. ಕ್ಯಾಸಂಬಳ್ಳಿಯಲ್ಲಿ ನಮ್ಮ ಅತ್ತೆ ತೀರಿಕೊಂಡ ಮೇಲೆ, ಅವರು ನೀರು ಕಾಯಿಸುತ್ತಿದ್ದ ತಾಮ್ರದ ಹಂಡೆ ತನಗೆ ಬರಬೇಕೆಂದು ಅಕ್ಕ ಅಂದುಕೊಂಡಿದ್ದರು. ತಂಗಿಯೂ ಹಾಗೆಯೇ ಅಂದುಕೊಂಡಿದ್ದಳು. ಅಂದುಕೊಂಡಿದ್ದಷ್ಟೇ ಅಲ್ಲ, ಲಗೇಜ್ ಆಟೋದಲ್ಲಿ ಹಾಕಿಸಿ ತಂದೂಬಿಟ್ಟಿದ್ದಳು. ಅಕ್ಕ ಫೋನಿನಲ್ಲಿ ಕೇಳಿದಾಗ ಸಿಟ್ಟಿನಲ್ಲಿ, "ಅಂಡೆ ತೂತಾಗಿತ್ತು, ಅಳೇ ಪಾತ್ರೆಯೋನ್ಗೆ ಆಕ್ಬಿಟ್ಟೆ" ಎಂದು ಸುಳ್ಳು ಹೇಳಿದ್ದಳು. ಅವ್ವನ ಹಂಡೆಯನ್ನು ಗುಜರಿಗೆ ಹಾಕಿದವಳ ಮುಖ ನೋಡುವುದಿಲ್ಲವೆಂದು ಅಕ್ಕ ಮಾತು ಬಿಟ್ಟರು. ಆ ಹಂಡೆಯಲ್ಲಿ ಕಾದ ನೀರಿನಲ್ಲಿ ನಾವಿಬ್ಬರೂ ಆರು ವರ್ಷದಿಂದ ಸ್ನಾನ ಮಾಡುತ್ತಿದ್ದೆವು. ನೀರು ಚೆನ್ನಾಗಿಯೇ ಕಾಯುತ್ತಿತ್ತು. ರತ್ನಮ್ಮ ಮಾತ್ರ ಹಬ್ಬದ ದಿನ ಹಂಡೆಗೆ ಕುಂಕುಮ ಇಡುವಾಗ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದಳು.

ಈಗ ಅಕ್ಕನವರು ಹೊಸ ಮನೆ ಕಟ್ಟಿಸಿದ್ದರು. ಗೃಹಪ್ರವೇಶಕ್ಕೆ ಕರೆಯಲು ಭಾನುವಾರ ಹನ್ನೊಂದು ಗಂಟೆಗೆ ಬರುತ್ತೇವೆ ಎಂದಷ್ಟೇ ಹೇಳಿ ಫೋನಿಟ್ಟರು. ರತ್ನಮ್ಮ ಫೋನು ಕೆಳಗಿಟ್ಟು, ಸೆರಗಿನಿಂದ ಮೂಗು ಒರೆಸಿಕೊಂಡು, ಮರುಕ್ಷಣವೇ ಸೇನಾಪತಿಯಾದಳು.

"ಆವತ್ತು ನನ್ಗೆ ಅಡ್ಗೆ ಕೆಲ್ಸ. ನಿಮ್ಗೆ ಏನೇಳುದ್ರೂ ಗ್ಯಾಪ್ಕ ಇರಾಕಿಲ್ಲ. ಎಲ್ಲಾ ನಿಮ್ ಮಿಸನ್ನಿಗೇ ಏಳ್ಬುಡ್ತೀನಿ."

ನನ್ನ ಯಂತ್ರಕ್ಕೆ ಸಂದ ಮೊದಲ ಗೌರವ! ಮೂರು ಸೂಚನೆಗಳನ್ನು ರೆಕಾರ್ಡ್ ಮಾಡಿದಳು. ಒಂಬತ್ತೂವರೆಗೆ ಹಂಡೆ ಬಚ್ಚಿಡುವುದು. ಹತ್ತಕ್ಕೆ, ನನ್ನ ಷಡ್ಡಕ, ಅಂದರೆ ಅಕ್ಕನ ಗಂಡ ಮುನಿವೆಂಕಟಪ್ಪ, ನನ್ನ ಅಂಗಡಿ ಪೂಜೆಗೆ ಉಡುಗೊರೆ ಕೊಟ್ಟಿದ್ದ ಗೋಡೆ ಗಡಿಯಾರವನ್ನು ಮಂಚದ ಕೆಳಗಿನಿಂದ ತೆಗೆದು ನೇತುಹಾಕುವುದು. (ವಾಚ್ ಅಂಗಡಿಯವನಿಗೆ ಗಡಿಯಾರ ಕೊಟ್ಟ ಪುಣ್ಯಾತ್ಮ! ಅದು ತಂದ ದಿನವೇ ನಿಂತಿತ್ತು.) ಹತ್ತೂವರೆಯದನ್ನು ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ರೆಕಾರ್ಡ್ ಮಾಡಿ, "ಇದುನ್ನ ನೀವು ಈಗ ಕೇಳ್ಬ್ಯಾಡಿ, ಸುಮ್ನೆ ಆಕಿ" ಎಂದು ಕೊಟ್ಟಳು. ಹಾಕಿದೆ.

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಕರೆಂಟು ಹೋಯಿತು. ಹತ್ತಕ್ಕೆ ಬಂತು.

ಕಂಪ್ಯೂಟರಿನ ಹಸಿರು ದೀಪ ಮಿನುಗಿದ್ದನ್ನು ಕಂಡು ನಿಶ್ಚಿಂತನಾದೆ. ರತ್ನಮ್ಮ ಒಬ್ಬಟ್ಟಿನ ಹೂರಣ ರುಬ್ಬುತ್ತಾ ಒಳಗಿನಿಂದಲೇ, "ಅಂಡೆ?" ಎಂದಳು. "ಮಿಷನ್ನು ಹೇಳುತ್ತೆ, ಸುಮ್ನಿರೇ. ಹೇಳಿದ ಕೂಡಲೇ ಮಾಡೋಣ" ಎಂದೆ. ಯಂತ್ರವನ್ನು ನಂಬಿದ ಮೇಲೆ ಪೂರ್ತಿ ನಂಬಬೇಕು ಎಂಬುದು ನನ್ನ ಸಿದ್ಧಾಂತ.

ಯಂತ್ರ ಏನೂ ಹೇಳಲಿಲ್ಲ. ಹತ್ತೂಮುಕ್ಕಾಲಿಗೆ ಬಾಗಿಲಲ್ಲಿ ಆಟೋ ನಿಂತ ಶಬ್ದವಾಯಿತು.

"ಅಯ್ಯೋ ಅಂಡೆ!" ಎಂದು ರತ್ನಮ್ಮ ಹೂರಣದ ಕೈಯಲ್ಲೇ ಓಡಿದಳು. ಹಂಡೆಯ ತುಂಬ ನೀರು! ಇಬ್ಬರೂ ಸೇರಿ ತಳ್ಳಿದೆವು. ಅಲ್ಲಾಡಲಿಲ್ಲ. ಕೊನೆಗೆ ಅದರ ಮೇಲೊಂದು ಗೋಣಿಚೀಲ ಹೊದಿಸಿ, ಅದರ ಮೇಲೆ ಬಕೆಟ್ಟು ಬೋರಲು ಹಾಕಿ, ಬಚ್ಚಲ ಬಾಗಿಲೆಳೆದು, ನಗುತ್ತಾ ಹೊರಬಂದೆವು.

ಬಂದವರು ಮೂವರು: ಅಕ್ಕ, ಷಡ್ಡಕ, ಅವರ ಮಗಳು ಸೌಮ್ಯ. ಸೌಮ್ಯ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಾಳೆ. ಅಕ್ಕ ಕುರ್ಚಿಯ ತುದಿಯಲ್ಲಿ, ಯಾವಾಗ ಬೇಕಾದರೂ ಎದ್ದು ಹೋಗುವಂತೆ ಕೂತರು. ಕುಂಕುಮದ ಬಟ್ಟಲು ತೆಗೆದು, ಆಹ್ವಾನಪತ್ರಿಕೆ ಚಾಚಿ, ತಂಗಿಯ ಮುಖ ನೋಡದೆ ಗೋಡೆಗೆ ಹೇಳಿದರು:

"ಬರೋ ವಾರ ಗೃಹಪ್ರವೇಶ. ಬನ್ನಿ."

"ಬತ್ತೀವಿ" ಎಂದು ರತ್ನಮ್ಮ ನೆಲಕ್ಕೆ ಹೇಳಿದಳು.

ನಾನು ಎಲ್ಲರಿಗೂ ಕಾಫಿ ತಂದುಕೊಟ್ಟೆ. ಮೇಲೆ ಫ್ಯಾನು ಕಿರ್ ಕಿರ್ ಅನ್ನುತ್ತಿತ್ತು. ಹನ್ನೊಂದು ದಾಟಿ ಸ್ವಲ್ಪ ಹೊತ್ತಾಗಿತ್ತು, ಅಟ್ಟದ ಮೇಲಿನಿಂದ ನನ್ನ ಹೆಂಡತಿಯ ಧ್ವನಿ ಇಡೀ ಬೀದಿಗೆ ಕೇಳುವ ಹಾಗೆ ಗುಡುಗಿತು:

"ರೀ! ಬಿರ್ರನೆ ಎದ್ದು ಅವ್ವನ ತಾಮ್ರದಂಡೆ ಬಚ್ಚಿಡಿ! ಯಾವ್ದೇ ಕಾರಣಕ್ಕೂ ಅಕ್ಕನ ಕಣ್ಣಿಗೆ ಬೀಳ್ಬಾರ್ದು!"

ಅಕ್ಕ ಅಟ್ಟವನ್ನು ನೋಡಿದರು. ಎದುರಿಗೆ ಬಾಯಿ ಮುಚ್ಚಿಕೊಂಡು ನಿಂತಿದ್ದ ತಂಗಿಯನ್ನು ನೋಡಿದರು. ಮತ್ತೆ ಅಟ್ಟವನ್ನು ನೋಡಿದರು.

"ರೇಡಿಯೋ ನಾಟಕ" ಎಂದೆ ನಾನು.

"ರೇಡಿಯೋದಾಗೆ ನಮ್ ರತ್ನೀನ ಯಾವಾಗ ಸೇರಿಸ್ಕಂಡ್ರು?" ಎಂದು ಷಡ್ಡಕ ನಿಜವಾದ ಕುತೂಹಲದಿಂದ ಕೇಳಿದ.

ಒಂದು ಜಿಗಿತಕ್ಕೆ ಹೊರಗೆ ಹೋಗಿ ಮೇನ್ ಸ್ವಿಚ್ ಎಳೆದೆ. ಯಂತ್ರ ಸತ್ತಿತು. ಜೊತೆಗೆ ಫ್ಯಾನೂ ಸತ್ತಿತು. ಬೆವರೊರೆಸಿಕೊಂಡು ಒಳಗೆ ಬಂದು, "ನಮ್ಮ ಕಡೆ ಕರೆಂಟೇ ಹೀಗೆ" ಎಂದೆ. ಪಕ್ಕದ ಮನೆಯಿಂದ ಸೆಲ್ವಿಯ ಟಿ.ವಿ. ಸ್ಪಷ್ಟವಾಗಿ ಕೇಳುತ್ತಿತ್ತು.

ಸೌಮ್ಯ ಒಳ್ಳೆಯ ಹುಡುಗಿ. ಸಹಾಯ ಮಾಡುವ ಸ್ವಭಾವ. "ಚಿಕ್ಕಪ್ಪ, ನಿಮ್ ಮೇನ್ ಬಿದ್ದಿರ್ಬೇಕು ನೋಡ್ತೀನಿ" ಎಂದು ನಾನು ತಡೆಯುವಷ್ಟರಲ್ಲಿ ಹೊರಗೆ ಹೋಗಿ ಸ್ವಿಚ್ ಹಾಕಿಬಿಟ್ಟಳು. ಹಸಿರು ದೀಪ ಮತ್ತೆ ಮಿನುಗಿತು. ಇರಲಿ, ಹಂಡೆಯ ಸೂಚನೆ ಮುಗಿದಿದೆ, ಮುಂದಿನದಕ್ಕೆ ಅರ್ಧ ಗಂಟೆ ಇದೆ, ಅಷ್ಟರಲ್ಲಿ ಒಬ್ಬಟ್ಟು ತಿನ್ನಿಸಿ ಕಳಿಸಿಬಿಡೋಣ ಎಂದು ಲೆಕ್ಕ ಹಾಕಿದೆ. ಎಲೆ ಹಾಕಿದೆವು. ಅಕ್ಕ ಮೊದಲ ತುತ್ತು ಬಾಯಿಗಿಟ್ಟರು.

"ರೀ! ಬಿರ್ರನೆ ಎದ್ದು ಅವ್ವನ ತಾಮ್ರದಂಡೆ ಬಚ್ಚಿಡಿ!"

ಮತ್ತೆ ಅದೇ! ಅಕ್ಷರ ಬಿಡದೆ!

ಅಕ್ಕ ಎಂಜಲು ಕೈಯಲ್ಲೇ ಎದ್ದರು. ನೇರವಾಗಿ ಬಚ್ಚಲಿಗೆ ಹೋದರು. ಬಕೆಟ್ಟು ಉರುಳಿದ ಶಬ್ದವಾಯಿತು. ಗೋಣಿಚೀಲ ಹೊರಗೆ ಬಂದು ಬಿತ್ತು. ರತ್ನಮ್ಮ ಕಂಬ ಹಿಡಿದುಕೊಂಡು ನಿಂತಿದ್ದಳು.

ಈ ನಡುವೆ ಸೌಮ್ಯ ಕುರ್ಚಿ ಹಾಕಿಕೊಂಡು ಅಟ್ಟ ಹತ್ತಿ ನೋಡಿದಳು.

"ಚಿಕ್ಕಪ್ಪ, ಇದಾ! ಇದ್ರೊಳ್ಗೆ ಗಡಿಯಾರ ಇರಲ್ಲ."

"ಏನು? ಬೆಳಿಗ್ಗೆ ಒಂದೂವರೆ ಗಂಟೆ ಕರೆಂಟು ಹೋಗಿತ್ತು, ಅಷ್ಟೇ ಅಲ್ವಾ?"

"ಕರೆಂಟ್ ಹೋದ್ರೆ ಇದಕ್ಕೆ ಹೊತ್ತೇ ಗೊತ್ತಾಗಲ್ಲ. ಗಂಟೆಗೊಂದ್ಸಲ ಟೈಮ್ ಬರ್ದಿಟ್ಕೊಂತದೆ ಅಷ್ಟೆ. ಕರೆಂಟ್ ಬಂದಾಗ ಬರ್ದಿಟ್ಟಿದ್ದ ಕಡೆಯಿಂದ ಮತ್ತೆ ಶುರು ಮಾಡ್ತದೆ. ಬೆಳಿಗ್ಗೆ ಹೋದ ಒಂದೂವರೆ ಗಂಟೆ ಇದರ ಲೆಕ್ಕಕ್ಕೇ ಬಂದಿಲ್ಲ. ಈಗ ನೀವು ಮೇನ್ ಆಫ್ ಮಾಡಿದ್ರಲ್ಲ, ಇನ್ನೂ ಹಿಂದಕ್ಕೆ ಹೋಗಿ ಅದ್ನೇ ಇನ್ನೊಂದ್ಸಲ ಹೇಳ್ತು."

ಷಡ್ಡಕನಿಗೆ ಒಬ್ಬಟ್ಟು ಗಂಟಲಲ್ಲಿ ಸಿಕ್ಕಿಕೊಂಡಿತು. "ಲೇ ವೆಂಕಟೇಶಪ್ಪ! ಇಪ್ಪತ್ತೆಂಟು ವರ್ಸ ವಾಚ್ ರಿಪೇರಿ ಮಾಡಿ, ಕೊನೇಗೆ ಗಡಿಯಾರಾನೇ ಇಲ್ದಿರೋ ಮಿಸನ್ನು ತಂದು ಟೈಮ್ ಕೇಳ್ತಾ ಕೂತಿದ್ದೀಯಲ್ಲೋ!" ಎಂದು ಕೆಮ್ಮುತ್ತಾ, ನಗುತ್ತಾ, ಕಣ್ಣಲ್ಲಿ ನೀರು ತಂದುಕೊಂಡ. ಬಾಗಿಲಲ್ಲಿ ಆಗಲೇ ಬಂದು ನಿಂತಿದ್ದ ಸೆಲ್ವಿ ಅವನಿಗೆ ನೀರು ತಂದುಕೊಟ್ಟಳು.

ನಾನು ಮತ್ತೆ ಮೇನ್ ಸ್ವಿಚ್ಚಿನ ಕಡೆ ಹೊರಟೆ. ಬಚ್ಚಲ ಬಾಗಿಲಿನಿಂದ ಅಕ್ಕನ ಧ್ವನಿ ಬಂತು.

"ಮುಟ್ಬ್ಯಾಡ! ಇನ್ನೇನೇನು ಬಚ್ಚಿಟ್ಟವ್ಳೋ ಎಲ್ಲಾ ಏಳ್ಲಿ. ಕೇಳ್ಕೊಂಡೇ ಓಗ್ತೀನಿ."

ಹೀಗೆ ನಾವೆಲ್ಲರೂ ಅಟ್ಟದ ಕಡೆ ಮುಖ ಮಾಡಿಕೊಂಡು ವಾರ್ತೆಗೆ ಕಾಯುವವರಂತೆ ಕೂತೆವು. ಮುಂದಿನದು ಎಷ್ಟೊತ್ತಿಗೆ ಎಂದು ಸೌಮ್ಯ ಬೆರಳೆಣಿಸಿ ಹೇಳಿದಳು. ಅವಳ ಲೆಕ್ಕ ಒಂದು ನಿಮಿಷವೂ ತಪ್ಪಲಿಲ್ಲ.

"ರೀ! ಬಾವ ಕೊಟ್ಟ ದರಿದ್ರ ಗಡಿಯಾರ ಮಂಚದ ಕೆಳ್ಗಿಂದ ಎಳ್ದು ಗೋಡೆಗೆ ನೇತಾಕಿ! ಓಡ್ದಿದ್ರೆ ಕೈಲೇ ಮುಳ್ಳು ತಿರುಗ್ಸಿ! ಅವಯ್ಯನಿಗೆ ಗೊತ್ತಾಗಾಕಿಲ್ಲ!"

ಷಡ್ಡಕನ ನಗು ನಿಂತಿತು. ಸೌಮ್ಯ ಬೇಗ ಗೋಡೆಯ ಕಡೆ ತಿರುಗಿಕೊಂಡಳು. ಅವಳ ಭುಜ ಮಾತ್ರ ಕುಲುಕುತ್ತಿತ್ತು. ನಾನು ಏನಾದರೂ ಮಾಡಬೇಕಲ್ಲ ಎಂದು ಮಂಚದ ಕೆಳಗೆ ನುಗ್ಗಿ ಗಡಿಯಾರ ಹುಡುಕತೊಡಗಿದೆ. ಅಲ್ಲಿ ಕತ್ತಲಿತ್ತು, ತಂಪಾಗಿತ್ತು, ಯಾರ ಮುಖವೂ ಕಾಣುತ್ತಿರಲಿಲ್ಲ. ಹೊರಗೆ ಬರಲು ಮನಸ್ಸೇ ಆಗಲಿಲ್ಲ. ಮೂರನೆಯ ಸೂಚನೆ ಬಂದಾಗ ನಾನಿನ್ನೂ ಅಲ್ಲೇ ಇದ್ದೆ.

ಈ ಸಲ ಸ್ಪೀಕರ್ ಗುಡುಗಲಿಲ್ಲ. ರತ್ನಮ್ಮನ ಧ್ವನಿ ಸಣ್ಣದಾಗಿತ್ತು.

"ರೀ... ಅಕ್ಕ ಬಂದಾಗ ನಾನು ಅತ್ರೆ ನೀವು ಮಧ್ಯೆ ಬಾಯಾಕ್ಬ್ಯಾಡಿ. ತಮಾಸೆ ಮಾಡ್ಬ್ಯಾಡಿ. ಆರು ವರ್ಸ ಆಯ್ತು. ಅಂಡೆಗೆ ಬೆಂಕಿ ಬೀಳ್ಲಿ, ನನ್ಗೆ ಅಕ್ಕ ಬೇಕು. ನಾವು ಅತ್ಕೋತೀವಿ. ನೀವು ಅಂಗ್ಡಿಗ್ ಓಗ್ಬುಡಿ."

ನಾನು ಮಂಚದ ಕೆಳಗೇ ಅಲುಗಾಡದೆ ಉಳಿದೆ. ಅಲ್ಲಿಂದ ನನಗೆ ಎರಡು ಜೊತೆ ಕಾಲು ಮಾತ್ರ ಕಾಣುತ್ತಿದ್ದವು. ಕಾಲುಂಗುರದ ಒಂದು ಜೊತೆ ಕಂಬದ ಹತ್ತಿರ ಇತ್ತು. ಇನ್ನೊಂದು ಜೊತೆ, ಹಂಡೆ ನೋಡಲು ಮತ್ತೆ ಬಚ್ಚಲಿಗೆ ಹೋಗಿ ಒದ್ದೆಯಾದದ್ದು, ನಿಧಾನವಾಗಿ ಅದರ ಹತ್ತಿರ ಬಂದು ನಿಂತಿತು.

"ಬಾಯ್ಬುಟ್ಟು ಏಳಾಕೆ ಏನಾಗಿತ್ತೇ ನಿನ್ಗೆ? ಮಿಸನ್ನಿನ ಕೈಲಿ ಏಳಿಸ್ತೀಯಾ?" ಎಂದರು ಅಕ್ಕ.

ಆಮೇಲೆ ಇಬ್ಬರೂ ಅತ್ತ ಸದ್ದು ಸೆಲ್ವಿಯ ಟಿ.ವಿ.ಯನ್ನೂ ಮೀರಿಸಿತು. ಸೂಚನೆಯಂತೆ ನಾನು ಬಾಯಿ ಹಾಕಲಿಲ್ಲ. ತಮಾಷೆ ಮಾಡಲಿಲ್ಲ. ಅಂಗಡಿಗೆ ಹೋಗಬೇಕೆಂದರೆ ಮಂಚದ ಕೆಳಗಿನಿಂದ ಹೊರಬರಬೇಕಿತ್ತು, ಅದೊಂದನ್ನು ಮಾತ್ರ ಪಾಲಿಸಲಾಗಲಿಲ್ಲ.

ಕೊನೆಗೆ ಸೌಮ್ಯ ಬಗ್ಗಿ ನೋಡಿ, "ಚಿಕ್ಕಪ್ಪ, ಬನ್ನಿ, ಎಲ್ಲಾ ಮುಗೀತು" ಎಂದು ಕೈಹಿಡಿದು ಎಳೆದಳು. ಜೇಡರ ಬಲೆ ಹೊತ್ತು ಎದ್ದು ನಿಂತ ನನ್ನನ್ನು ನೋಡಿ ಅಕ್ಕತಂಗಿಯರು ಒಟ್ಟಿಗೆ ನಕ್ಕರು. ಒಟ್ಟಿಗೆ! ಆರು ವರ್ಷದ ಮೇಲೆ ಅವರಿಬ್ಬರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಿದ್ದರು. ತಪ್ಪೆಲ್ಲ ನನ್ನದು.

"ಆವತ್ತು ಆಟೋಗೆ ಅಂಡೆ ಎತ್ತಿ ಇಕ್ಕಿದ್ದು ಈವಪ್ಪನೇ ಅಲ್ವೇನೆ?" ಎಂದರು ಅಕ್ಕ.

"ಊಂ ಅಕ್ಕ, ಇವ್ರೇ" ಎಂದಳು ನನ್ನ ಧರ್ಮಪತ್ನಿ. ಹಂಡೆ ಎತ್ತದಿದ್ದರೆ ಮನೆಗೇ ಸೇರಿಸುವುದಿಲ್ಲ ಎಂದು ಅವಳು ಹೇಳಿದ್ದು ಆ ಕ್ಷಣದಲ್ಲಿ ಅವಳಿಗೆ ನೆನಪಿರಲಿಲ್ಲ. ಅದನ್ನು ನೆನಪಿಸಲು ಯಾವ ಯಂತ್ರವೂ ಇರಲಿಲ್ಲ.

ಊಟದ ಮೇಲೆ ತೀರ್ಪು ಬಂತು. ಗೃಹಪ್ರವೇಶದ ದಿನ ಹೊಸ ಮನೆಯಲ್ಲಿ ಅವ್ವನ ಹಂಡೆಯಲ್ಲೇ ನೀರು ಕಾಯಬೇಕು. ಅಲ್ಲಿಂದ ಮುಂದೆ ಹಂಡೆ ಒಂದು ವರ್ಷ ಬಂಗಾರಪೇಟೆಯಲ್ಲಿ, ಒಂದು ವರ್ಷ ನಮ್ಮಲ್ಲಿ. ಸಾಗಿಸುವ ಹೊಣೆ ವೆಂಕಟೇಶಪ್ಪನದು. ಆಟೋದಲ್ಲಿ ಹಾಕಿದರೆ ನೆಗ್ಗುತ್ತದೆ, ಆದ್ದರಿಂದ ರೈಲಿನಲ್ಲಿ, ತೊಡೆಯ ಮೇಲೆ.

ಹಾಗಾಗಿ ಮುಂದಿನ ಶನಿವಾರ ಬೆಳಗಿನ ರೈಲಿನಲ್ಲಿ ನಾನು ಹಂಡೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತಿದ್ದೆ. ಗಲ್ಲ ಅದರ ಬಾಯಿಯ ಮೇಲಿತ್ತು. ರತ್ನಮ್ಮ ಕಿಟಕಿಯ ಹತ್ತಿರ ಕೂತು ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಇನ್ನು ಸ್ವಲ್ಪ ಹೊತ್ತಿನಲ್ಲಿ ಎದುರೆದುರು ಕೂತು ಮಾತಾಡಲಿದ್ದರೂ, ಆರು ವರ್ಷದ ಬಾಕಿ ಅದು, ಫೋನಿಡಲು ಆಗುತ್ತಿರಲಿಲ್ಲ.

ಎದುರು ಸೀಟಿನಲ್ಲಿದ್ದವನು ನನ್ನನ್ನೇ ದಿಟ್ಟಿಸಿ ನೋಡಿ, "ಅಣ್ಣ, ನೀವು ಮಾರ್ಕೆಟ್ ಇಂದೆ ವಾಚ್ ರಿಪೇರಿಯೋರಲ್ವಾ?" ಎಂದ.

ಹಂಡೆಯ ಮೇಲಿಂದಲೇ ತಲೆಯಾಡಿಸಿದೆ. ಗುರುತಿಸಿದನಲ್ಲ ಎಂದು ಸ್ವಲ್ಪ ಸಮಾಧಾನವಾಯಿತು.

"ಟೈಮೆಷ್ಟಣ್ಣ?"

ಎರಡೂ ಕೈ ಹಂಡೆಯ ಸುತ್ತ ಇದ್ದವು. ಬಿಟ್ಟರೆ ಉರುಳುತ್ತದೆ. "ನೀನೇ ನೋಡಪ್ಪಾ" ಎಂದು ಎಡಗೈಯನ್ನು ಅವನ ಕಡೆ ತಿರುಗಿಸಿದೆ.

ಅವನು ಬಗ್ಗಿ ನನ್ನ ಮಣಿಕಟ್ಟನ್ನು ನೋಡಿದ. ಕಿವಿ ಹಚ್ಚಿ ಕೇಳಿದ. ಮತ್ತೊಮ್ಮೆ ನೋಡಿದ. ಆಮೇಲೆ ತುಂಬ ಮರ್ಯಾದೆಯಿಂದ ಹೇಳಿದ:

"ಅಣ್ಣ, ನಿಮ್ ವಾಚು ನಿಂತೋಗೈತೆ."